ಗಾಳಿಯಲ್ಲಿ ಅಲುಗಾಡದೆ ನಿಲ್ಲುವ ಯಂತ್ರ: ಡ್ರೋನ್ ಬಗ್ಗೆ ನಿಮ್ಮ ಪ್ರಶ್ನೆ, ನನ್ನ ಉತ್ತರ

ಕಳೆದ ಸಂಚಿಕೆಯಲ್ಲಿ ಡ್ರೋನ್ ಬಗ್ಗೆ ಎರಡೇ ಎರಡು ಸಾಲು ಬರೆದಿದ್ದೆ. ಅಷ್ಟಕ್ಕೇ ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಹೆಚ್ಚಿನವು ಒಂದೇ ಕಂಪನಿಯ ಸುತ್ತ ಇವೆ, ಚೀನಾದ ಡಿಜೆಐ. ನಾನು 2014ರಿಂದ ಅವರ ಡ್ರೋನ್ ಹಾರಿಸುತ್ತಾ ಬಂದಿದ್ದೇನೆ. ಬೀಳಿಸಿದ್ದೇನೆ, ಬಿಚ್ಚಿದ್ದೇನೆ, ಮತ್ತೆ ಜೋಡಿಸಿದ್ದೇನೆ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಇದಕ್ಕೇ.

ಪ್ರಶ್ನೆ: ಡ್ರೋನ್ ಅಂದರೆ ಡಿಜೆಐ ಅನ್ನುವ ಹಾಗಾಗಿದೆ. ಯಾರದು ಈ ಕಂಪನಿ? ದೊಡ್ಡ ದೊಡ್ಡ ಕ್ಯಾಮೆರಾ ಕಂಪನಿಗಳಿಗೆ ಆಗದ್ದು ಇವರಿಗೆ ಹೇಗೆ ಸಾಧ್ಯವಾಯಿತು?

ಇದಕ್ಕೆ ಒಬ್ಬ ಹುಡುಗನ ಹಟದಿಂದಲೇ ಶುರು ಮಾಡಬೇಕು. ಅವನ ಹೆಸರು ವಾಂಗ್ ಟಾವೊ. ಹೊರಗಿನವರು ಫ್ರಾಂಕ್ ವಾಂಗ್ ಅನ್ನುತ್ತಾರೆ. 1980ರಲ್ಲಿ ಚೀನಾದ ಹಾಂಗ್‌ಜೌ ನಗರದಲ್ಲಿ ಹುಟ್ಟಿದವರು. ಚಿಕ್ಕಂದಿನಲ್ಲಿ ಕೆಂಪು ಹೆಲಿಕಾಪ್ಟರಿನ ಕಾಮಿಕ್ಸ್ ಓದಿ ಹುಚ್ಚು ಹಿಡಿಸಿಕೊಂಡಿದ್ದರು. ಹದಿನಾರನೇ ವಯಸ್ಸಿಗೆ ರಿಮೋಟ್ ಹೆಲಿಕಾಪ್ಟರ್ ಕೈಗೆ ಬಂತು. ಬಂದಷ್ಟೇ ಬೇಗ ಬಿದ್ದು ಮುರಿಯಿತು. ಆ ಕಾಲದ ರಿಮೋಟ್ ಹೆಲಿಕಾಪ್ಟರ್ ಹಾರಿಸಿದವರಿಗೆ ಇದು ಗೊತ್ತು. ರಿಮೋಟಿನ ಕಡ್ಡಿಯಿಂದ ಬೆರಳು ತೆಗೆದರೆ ಮುಗಿಯಿತು, ಅದು ಒಂದು ಕಡೆಗೆ ವಾಲಿ ನೆಲ ಕಚ್ಚುತ್ತದೆ.

ಮುಂದೆ ಅವರು ಹಾಂಗ್‌ಕಾಂಗ್‌ನ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯದಲ್ಲಿ ಓದಿದರು. ಕೊನೆಯ ವರ್ಷದ ಪ್ರಾಜೆಕ್ಟಿಗೆ ಆರಿಸಿಕೊಂಡಿದ್ದೂ ಇದನ್ನೇ, ತಾನಾಗಿಯೇ ಒಂದು ಕಡೆ ನಿಲ್ಲುವ ಹೆಲಿಕಾಪ್ಟರ್. ತೋರಿಸಬೇಕಾದ ದಿನದ ಹಿಂದಿನ ರಾತ್ರಿ ಆ ನಿಲ್ಲುವ ಭಾಗವೇ ಕೈಕೊಟ್ಟಿತು. ಸಿಕ್ಕಿದ್ದು ಸಿ ಗ್ರೇಡ್. ಆದರೆ ಅಲ್ಲಿ ರೋಬೋಟಿಕ್ಸ್ ಕಲಿಸುತ್ತಿದ್ದ ಪ್ರೊಫೆಸರ್ ಲಿ ಜೆಶಿಯಾಂಗ್ ಅವರ ಕಣ್ಣಿಗೆ ಗ್ರೇಡಿಗಿಂತ ಹುಡುಗನ ಕೆಲಸ ಬಿತ್ತು. ಅವರೇ ಮುಂದಿನ ಓದಿಗೆ ಸೇರಿಸಿಕೊಂಡರು. 2006ರಲ್ಲಿ ವಾಂಗ್ ಇಬ್ಬರು ಸಹಪಾಠಿಗಳ ಜೊತೆ ಶೆನ್‌ಜೆನ್‌ಗೆ ಹೋಗಿ ಒಂದು ಅಪಾರ್ಟ್‌ಮೆಂಟಿನಲ್ಲಿ ಕಂಪನಿ ತೆರೆದರು. ಕೈಯಲ್ಲಿದ್ದದ್ದು ವಿದ್ಯಾರ್ಥಿವೇತನದಲ್ಲಿ ಉಳಿದ ಹಣ.

ಒಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಮೊದಲ ವರ್ಷಗಳಲ್ಲಿ ಅವರು ಡ್ರೋನ್ ಮಾರುತ್ತಲೇ ಇರಲಿಲ್ಲ. ಮಾರುತ್ತಿದ್ದದ್ದು ಫ್ಲೈಟ್ ಕಂಟ್ರೋಲರ್, ಅಂದರೆ ಹಾರುವ ಯಂತ್ರದ ಮಿದುಳು ಮಾತ್ರ. ಕೊಳ್ಳುತ್ತಿದ್ದವರು ವಿಶ್ವವಿದ್ಯಾಲಯಗಳು, ಚೀನಾದ ಸರ್ಕಾರಿ ವಿದ್ಯುತ್ ಕಂಪನಿಗಳು. ಅಷ್ಟು ವರ್ಷ ಅವರು ಕಲಿತದ್ದು ಒಂದೇ ವಿದ್ಯೆ: ಗಾಳಿಯಲ್ಲಿ ಅಲುಗಾಡದೆ ನಿಲ್ಲಿಸೋದು. ನನ್ನ ಪ್ರಕಾರ ಡಿಜೆಐ ಗೆದ್ದದ್ದು ಇಲ್ಲೇ. ಕ್ಯಾಮೆರಾ ಆಮೇಲೆ ಬಂತು.

2013ರ ಜನವರಿಯಲ್ಲಿ ಫ್ಯಾಂಟಮ್ ಬಂತು. ಬೆಳ್ಳಗಿನ ಮೈ, ಎರಡು ಕಾಲು, ನಾಲ್ಕು ರೆಕ್ಕೆ. ಬೆಲೆ 679 ಡಾಲರ್. ಅದಕ್ಕೆ ತನ್ನದೇ ಕ್ಯಾಮೆರಾ ಇರಲಿಲ್ಲ, ಗೋಪ್ರೊ ಕಂಪನಿಯ ಪುಟ್ಟ ಕ್ಯಾಮೆರಾ ನೇತುಹಾಕಬೇಕಿತ್ತು. ಹಾರಾಟ ಹತ್ತು ನಿಮಿಷದ ಆಸುಪಾಸು. ಆದರೂ ಜನ ಮುಗಿಬಿದ್ದರು. ಯಾಕೆಂದರೆ ಅಲ್ಲಿಯವರೆಗೆ ಡ್ರೋನ್ ಬೇಕೆಂದವರು ಮೋಟರ್ ಒಂದು ಕಡೆ, ಫ್ರೇಮ್ ಇನ್ನೊಂದು ಕಡೆ ತಂದು ಬೆಸುಗೆ ಹಾಕುತ್ತಾ ಕೂರಬೇಕಿತ್ತು. ಇದರದ್ದು ಪೆಟ್ಟಿಗೆ ತೆಗೆ, ರೆಕ್ಕೆ ತಿರುಗಿಸಿ ಕೂರಿಸು, ಹಾರಿಸು. ಅಷ್ಟೇ.

ಇನ್ನೊಂದು ಕಾರಣ ಶೆನ್‌ಜೆನ್ ಊರೇ. ಮೋಟರ್, ಬ್ಯಾಟರಿ, ಸರ್ಕ್ಯೂಟ್ ಬೋರ್ಡ್ ಎಲ್ಲ ಮಾಡುವವರು ಅಕ್ಕಪಕ್ಕದಲ್ಲೇ ಇದ್ದಾರೆ. ಹುವಾಚಿಯಾಂಗ್‌ಬೇ ಮಾರುಕಟ್ಟೆಯಲ್ಲಿ ಸಿಗದ ಎಲೆಕ್ಟ್ರಾನಿಕ್ ಬಿಡಿಭಾಗವೇ ಇಲ್ಲ ಅನ್ನಬೇಕು. ಇವತ್ತು ಹೊಳೆದ ಬದಲಾವಣೆಯನ್ನು ಅಲ್ಲಿ ಬೇಗ ಮಾಡಿ ನೋಡಬಹುದು. ಸಾಗರದಾಚೆ ಕೂತವರಿಗೆ ಈ ವೇಗಕ್ಕೆ ಹೊಂದಿಕೊಳ್ಳಲಾಗಲಿಲ್ಲ. ಅಮೆರಿಕದ 3ಡಿ ರೋಬೋಟಿಕ್ಸ್ 2016ರಲ್ಲಿ ಡ್ರೋನ್ ತಯಾರಿಕೆಯಿಂದ ಹಿಂದೆ ಸರಿಯಿತು. ಗೋಪ್ರೊ ತನ್ನದೇ ಕರ್ಮಾ ಡ್ರೋನ್ ತಂದು 2018ರಲ್ಲಿ ಕೈಬಿಟ್ಟಿತು. ಅದೇ 2016ರಲ್ಲಿ ಡಿಜೆಐ ಕೈಕಾಲು ಮಡಚಿ ಚೀಲಕ್ಕೆ ಹಾಕಿಕೊಳ್ಳಬಹುದಾದ ಮ್ಯಾವಿಕ್ ಪ್ರೊ ತಂದಿತ್ತು. 27 ನಿಮಿಷ ಹಾರುತ್ತಿತ್ತು ಅದು.

ಪ್ರಶ್ನೆ: ಕಡ್ಡಿ ಬಿಟ್ಟರೂ ಡ್ರೋನ್ ಗಾಳಿಯಲ್ಲಿ ಮೊಳೆ ಹೊಡೆದ ಹಾಗೆ ನಿಲ್ಲುತ್ತದಲ್ಲ, ಅದು ಹೇಗೆ? ಹೊರಗೆ ಚೆನ್ನಾಗಿ ನಿಲ್ಲುವ ನನ್ನ ಡ್ರೋನ್ ಮನೆಯೊಳಗೆ ಮಾತ್ರ ಜಾರುತ್ತದೆ. ಕೆಟ್ಟಿದೆಯಾ?

ಕೆಟ್ಟಿಲ್ಲ, ಚಿಂತೆ ಬಿಡಿ. ನಿಲ್ಲುವುದು ಅಂದರೆ ಸುಮ್ನೆ ಇರುವುದಲ್ಲ. ಒಳಗೆ ಗೈರೊಸ್ಕೋಪು, ಆಕ್ಸೆಲೆರೊಮೀಟರು ಸೆಕೆಂಡಿಗೆ ನೂರಾರು ಸಲ 'ವಾಲಿದೆಯಾ, ಜಾರಿದೆಯಾ' ಅಂತ ನೋಡುತ್ತಿರುತ್ತವೆ. ಬಲಕ್ಕೆ ಒಂದಿಷ್ಟು ವಾಲಿತು ಅನ್ನಿ. ಬಲಗಡೆಯ ಎರಡು ಮೋಟರ್ ಜೋರಾಗುತ್ತವೆ, ಎಡಗಡೆಯವು ತಗ್ಗುತ್ತವೆ. ನಿಮ್ಮ ಕಣ್ಣಿಗೆ ಬೀಳುವ ಮೊದಲೇ ಸರಿಯಾಗಿರುತ್ತದೆ. ಎತ್ತರ ತಿಳಿಯಲು ಗಾಳಿಯ ಒತ್ತಡ ಅಳೆಯುವ ಬ್ಯಾರೊಮೀಟರ್ ಇದೆ. ನೆಲದ ಹತ್ತಿರ ಒಂದು ಮೀಟರ್ ಏರಿದರೆ ಒತ್ತಡ ಸುಮಾರು 12 ಪಾಸ್ಕಲ್ ಇಳಿಯುತ್ತದೆ. ಅಷ್ಟು ಚಿಕ್ಕ ವ್ಯತ್ಯಾಸವನ್ನೂ ಅದು ಹಿಡಿಯುತ್ತದೆ.

ಆದರೆ 'ನಾನು ಇದೇ ಜಾಗದಲ್ಲಿದ್ದೇನೆ' ಅಂತ ತಿಳಿಯಲು ಇವು ಸಾಲವು. ಹೊರಗಡೆ ಜಿಪಿಎಸ್ ಹೇಳಿಕೊಡುತ್ತದೆ. ಮನೆಯೊಳಗೆ ಜಿಪಿಎಸ್ ಸಿಗ್ನಲ್ ಸಿಗದು. ಆಗ ಹೊಟ್ಟೆಯಡಿ ಇರುವ ಪುಟ್ಟ ಕ್ಯಾಮೆರಾ ನೆಲ ನೋಡುತ್ತದೆ. ನೆಲದ ಮೇಲಿನ ಗುರುತುಗಳು ಎತ್ತ ಸರಿದವು ಅಂತ ನೋಡಿ ತನ್ನ ಜಾಗ ಅಂದಾಜು ಮಾಡುತ್ತದೆ.

ನಿಮ್ಮ ನೆಲ ಬಿಳಿ ಟೈಲ್ಸ್ ಇರಬೇಕು, ಅಲ್ವಾ? ಹಾಗಿದ್ದರೆ ಒಂದು ಕೆಲಸ ಮಾಡಿ. ನಾನು ಮಾಡಿ ನೋಡಿದ್ದೇನೆ. ದೀಪ ಜೋರಾಗಿ ಹಾಕಿ, ಟೈಲ್ಸ್ ಮೇಲೆ ನಾಲ್ಕು ದಿನಪತ್ರಿಕೆ ಹರಡಿ, ಗಾಳಿಗೆ ಹಾರದಂತೆ ಅಂಚಿಗೆ ಟೇಪ್ ಹಚ್ಚಿ. ಅದರ ಮೇಲೆ ಡ್ರೋನ್ ಏರಿಸಿ. ಖಾಲಿ ಟೈಲ್ಸ್ ಮೇಲೆ ಒಂದು ಮೊಳ ಅತ್ತಿತ್ತ ತೇಲುತ್ತಿದ್ದದ್ದು ಪತ್ರಿಕೆಯ ಮೇಲೆ ಗಕ್ಕನೆ ನಿಂತಿತು. ಅದಕ್ಕೆ ಬೇಕಿದ್ದದ್ದು ಕಪ್ಪು ಬಿಳುಪಿನ ಅಕ್ಷರಗಳು. ಯಂತ್ರಕ್ಕೆ ಕಣ್ಣಿದೆ ಅಂತ ನನಗೆ ನಿಜವಾಗಿ ಅನ್ನಿಸಿದ್ದು ಆವತ್ತೇ.

ಇದೇ ಕಾರಣಕ್ಕೆ ನೀರಿನ ಮೇಲೆ ತೀರಾ ಕೆಳಗೆ ಹಾರಿಸಬೇಡಿ. ಅಲೆ ಸರಿದರೆ ತಾನೇ ಸರಿದೆ ಅಂತ ಅದು ತಿಳಿದುಕೊಳ್ಳಬಹುದು.

ಪ್ರಶ್ನೆ: ರಿಟರ್ನ್ ಟು ಹೋಮ್ ಒತ್ತಿದರೆ ಡ್ರೋನ್ ಖಂಡಿತ ವಾಪಸ್ ಬರುತ್ತದಲ್ಲವೇ?

ನೀವು ಹೇಳಿದ ಎತ್ತರದಲ್ಲಿ, ಏರಿದ ಜಾಗಕ್ಕೆ ಬರುತ್ತದೆ. ಎರಡೂ ಮಾತು ಮುಖ್ಯ.

ಒಮ್ಮೆ ಬಯಲಿನಲ್ಲಿ ಚಿತ್ರ ತೆಗೆಯಲು ವಾಪಸಾತಿಯ ಎತ್ತರವನ್ನು 20 ಮೀಟರಿಗೆ ಇಳಿಸಿದ್ದೆ. ಮುಂದಿನ ವಾರ ಕಾಡಂಚಿಗೆ ಹೋದಾಗ ಅದನ್ನು ಮತ್ತೆ ನೋಡಲೇ ಇಲ್ಲ. ಮರಗಳು ಅದಕ್ಕಿಂತ ಎತ್ತರ ಇದ್ದವು. ಸಂಜೆ ಬೆಳಕು ಇಳಿಯುತ್ತಿತ್ತು, ಗುಂಡಿ ಒತ್ತಿದೆ. ಡ್ರೋನ್ ತಿರುಗಿತು, ನೇರ ಬಂತು, ಎಲೆಗಳ ನಡುವೆ ನುಗ್ಗಿತು. ರೆಕ್ಕೆ ಸೊಪ್ಪು ಕತ್ತರಿಸುವ ಸದ್ದು ಇನ್ನೂ ಕಿವಿಯಲ್ಲಿದೆ. ಅಡ್ಡ ಬಂದದ್ದನ್ನು ನೋಡಲು ಡ್ರೋನಿನ ಮುಂದಿರುವ ಕ್ಯಾಮೆರಾ ಕಣ್ಣುಗಳು ತಡೆಯಬೇಕಿತ್ತಲ್ಲ ಅಂತ ಕೇಳಬಹುದು. ಮಬ್ಬು ಬೆಳಕಿನಲ್ಲಿ, ಸಣ್ಣ ಕೊಂಬೆ ಮತ್ತು ತಂತಿಗಳ ವಿಷಯದಲ್ಲಿ ಅವನ್ನು ನಂಬಬಾರದು ಅಂತ ಕೈಪಿಡಿಯಲ್ಲೇ ಇದೆ. ತಪ್ಪು ಪೂರ್ತಿ ನನ್ನದೇ. ಈಗ ಹೊಸ ಜಾಗಕ್ಕೆ ಹೋದರೆ ಮೊದಲು ಸುತ್ತಲಿನ ಅತಿ ಎತ್ತರದ ಮರ ನೋಡುತ್ತೇನೆ, ಅದರ ಮೇಲೆ ಇನ್ನೂ 20 ಮೀಟರ್ ಸೇರಿಸಿ ಎತ್ತರ ಹಾಕುತ್ತೇನೆ.

ಮನೆ ಜಾಗ, ಅಂದರೆ ಡ್ರೋನ್ ವಾಪಸ್ ಬರಬೇಕಾದ ಜಾಗ, ದಾಖಲಾಗುವುದು ಸಾಕಷ್ಟು ಉಪಗ್ರಹಗಳು ಸಿಕ್ಕ ಮೇಲೆ. ಅದಾಯಿತು ಅಂತ ಆ್ಯಪ್ ಬಾಯಿಬಿಟ್ಟು ಹೇಳುತ್ತದೆ. ಅದನ್ನು ಕೇಳಿಸಿಕೊಂಡೇ ಮೇಲೇರಿ. ದೋಣಿಯಿಂದ ಹಾರಿಸುವವರು ಇನ್ನೂ ಹುಷಾರು. ದೋಣಿ ಮುಂದೆ ಹೋಗಿರುತ್ತದೆ, ಡ್ರೋನ್ ಹಳೇ ಜಾಗಕ್ಕೆ ಬಂದು ನೀರಿಗೆ ಇಳಿಯುತ್ತದೆ.

ಪ್ರಶ್ನೆ: ಡ್ರೋನ್ ಬ್ಯಾಟರಿ ಊದಿಕೊಂಡಿದೆ. ಇನ್ನೊಂದೆರಡು ಸಲ ಬಳಸಬಹುದೇ?

ಬೇಡ. ಒಂದು ಸಲವೂ ಬೇಡ. ಚುಚ್ಚಬೇಡಿ, ಒತ್ತಬೇಡಿ, ಚಾರ್ಜಿಗೂ ಹಾಕಬೇಡಿ. ಒಳಗಿನ ಲಿಥಿಯಂ ಪಾಲಿಮರ್ ಕೋಶದಲ್ಲಿ ಅನಿಲ ತುಂಬಿದೆ ಅಂತ ಅರ್ಥ. ಬೆಂಕಿ ಹತ್ತಿದರೆ ಆರಿಸುವುದು ಕಷ್ಟ. ಎಲೆಕ್ಟ್ರಾನಿಕ್ ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ.

ನನ್ನ ಒಂದು ಬ್ಯಾಟರಿಯೂ ಊದಿತ್ತು. ಪೂರ್ತಿ ಚಾರ್ಜ್ ಮಾಡಿ, ಬಿಸಿಲು ಬೀಳುವ ಕಪಾಟಿನಲ್ಲಿ ತಿಂಗಳುಗಟ್ಟಲೆ ಮರೆತಿದ್ದೆ. ಡ್ರೋನಿಗೆ ಹಾಕಲು ಹೋದರೆ ಕ್ಲಿಕ್ ಅಂತ ಕೂರಲಿಲ್ಲ, ಕೂದಲೆಳೆಯಷ್ಟು ಮೇಲೆದ್ದಿತ್ತು. ಆ ಕೂದಲೆಳೆಯನ್ನು ಬೆರಳಲ್ಲಿ ಸವರಿ ನೋಡುವುದು ಈಗ ನನ್ನ ರೂಢಿ. ಪೂರ್ತಿ ಕೂರದ ಬ್ಯಾಟರಿ ಗಾಳಿಯಲ್ಲಿ ಕಳಚಿಕೊಂಡರೆ ಡ್ರೋನ್ ಕಲ್ಲಿನ ಹಾಗೆ ಬೀಳುತ್ತದೆ. ಎತ್ತಿಡುವಾಗ ಅರ್ಧ ಚಾರ್ಜ್ ಸಾಕು. ಜಾಗ ತಂಪಾಗಿರಲಿ.

ಪ್ರಶ್ನೆ: ಮಿನಿ ಡ್ರೋನುಗಳೆಲ್ಲ 249 ಗ್ರಾಂ ಯಾಕೆ? 250 ಆದರೆ ಏನಾಗುತ್ತದೆ?

ಕಾನೂನು ಬದಲಾಗುತ್ತದೆ. ಅಮೆರಿಕ ಸೇರಿದಂತೆ ಹಲವು ದೇಶಗಳ ನೋಂದಣಿ ನಿಯಮ 250 ಗ್ರಾಂನಿಂದ ಬಿಗಿಯಾಗುತ್ತದೆ. ಅದಕ್ಕೇ 2019ರ ಮ್ಯಾವಿಕ್ ಮಿನಿ 249ಕ್ಕೆ ನಿಂತಿತು. ಜಪಾನಿನಲ್ಲಿ ಆಗ ಗಡಿ 200 ಗ್ರಾಂ ಇತ್ತು, ಅಲ್ಲಿಗೆ ಚಿಕ್ಕ ಬ್ಯಾಟರಿ ಹಾಕಿ 199 ಗ್ರಾಂನದ್ದನ್ನೇ ಮಾಡಿ ಕಳಿಸಿದರು! ಡಿಜೆಐಯ ತವರಲ್ಲೂ ನಿಯಮ ಸಡಿಲವಿಲ್ಲ. 2024ರ ಜನವರಿ 1ರಿಂದ ಚೀನಾದಲ್ಲಿ ಎಷ್ಟೇ ಚಿಕ್ಕ ಡ್ರೋನ್ ಆದರೂ ಮಾಲೀಕರು ನಿಜ ಹೆಸರಲ್ಲಿ ನೋಂದಾಯಿಸಬೇಕು.

ಪ್ರಶ್ನೆ: ನನಗೆ ಹಾರಿಸುವ ಆಸೆ ಇಲ್ಲ, ವಿಡಿಯೊ ಮಾತ್ರ ಬೇಕು. ಡಿಜೆಐಯ ಪಾಕೆಟ್ ಕ್ಯಾಮೆರಾ ಹೇಗೆ?

ಆಸ್ಮೊ ಪಾಕೆಟ್ ಅಂದರೆ ಡ್ರೋನಿನ ತಲೆಯನ್ನು ಕಿತ್ತು ಹಿಡಿಕೆಗೆ ಸಿಕ್ಕಿಸಿದ ಹಾಗೆ. ಡ್ರೋನ್ ಎಷ್ಟೇ ನಿಂತರೂ ಅದರ ಮೈ ಗಾಳಿಗೆ ವಾಲುತ್ತಲೇ ಇರುತ್ತದೆ. ಚಿತ್ರ ವಾಲದಂತೆ ಕ್ಯಾಮೆರಾವನ್ನು ಮೂರು ಪುಟ್ಟ ಮೋಟರುಗಳು ಹಿಡಿದಿರುತ್ತವೆ, ಅದೇ ಗಿಂಬಲ್. ಕೋಳಿಯನ್ನು ಎತ್ತಿ ಮೈ ಅಲ್ಲಾಡಿಸಿದರೂ ತಲೆ ಇದ್ದಲ್ಲೇ ಇರುತ್ತದಲ್ಲ, ಹಾಗೆ. 2018ರಲ್ಲಿ ಮೊದಲ ಪಾಕೆಟ್ ಬಂತು. 2023ರ ಪಾಕೆಟ್ 3ರಲ್ಲಿ ಬೆಳಕು ಹಿಡಿಯುವ ಒಂದು ಇಂಚಿನ ಸೆನ್ಸರ್ ಇದೆ, ತೂಕ 179 ಗ್ರಾಂ. ಸಂಜೆ ಬೆಳಕಿನಲ್ಲೂ ಚಿತ್ರ ಚೆನ್ನಾಗಿ ಬರುತ್ತದೆ. ಒಂದು ಮಾತ್ರ ನೆನಪಿಡಿ. ನಡೆಯುವಾಗಿನ ಮೇಲೆ ಕೆಳಗಿನ ಕುಲುಕನ್ನು ಮೂರು ಮೋಟರ್ ಪೂರ್ತಿ ತಡೆಯಲಾರವು. ಮೊಣಕಾಲು ಸ್ವಲ್ಪ ಬಗ್ಗಿಸಿ, ತುಂಬಿದ ಕೊಡ ಹೊತ್ತವರ ಹಾಗೆ ನಡೆಯಿರಿ.

ಪ್ರಶ್ನೆ: ಡಿಜೆಐ ಡ್ರೋನಿನ ವಿಡಿಯೊ ಎಲ್ಲ ಚೀನಾಕ್ಕೆ ಹೋಗುತ್ತದಂತೆ. ನಿಜವೇ?

ನೀವು ತೆಗೆದ ವಿಡಿಯೊ ಉಳಿಯುವುದು ಡ್ರೋನಿನ ಮೆಮೊರಿ ಕಾರ್ಡಿನಲ್ಲಿ. ನೀವಾಗಿ ಹಂಚದೆ ಅದು ತಮಗೆ ಬರುವುದಿಲ್ಲ ಅಂತ ಕಂಪನಿ ಹೇಳುತ್ತದೆ. ಅಮೆರಿಕ ಸರ್ಕಾರಕ್ಕೆ ಕಂಪನಿಯ ಮೇಲೆ ನಂಬಿಕೆ ಇಲ್ಲ. 2020ರ ಡಿಸೆಂಬರ್‌ನಲ್ಲಿ ಅದನ್ನು ವ್ಯಾಪಾರ ನಿರ್ಬಂಧದ ಪಟ್ಟಿಗೆ ಹಾಕಿತು. 2022ರಲ್ಲಿ ಅಲ್ಲಿನ ರಕ್ಷಣಾ ಇಲಾಖೆ ಚೀನೀ ಸೇನೆಯ ನಂಟಿರುವ ಕಂಪನಿಗಳ ಪಟ್ಟಿಗೂ ಸೇರಿಸಿತು. ಕಂಪನಿ ಇದನ್ನು ಒಪ್ಪದೆ 2024ರಲ್ಲಿ ಕೋರ್ಟಿಗೆ ಹೋಯಿತು, 2025ರಲ್ಲಿ ತೀರ್ಪು ಅದರ ವಿರುದ್ಧ ಬಂತು. ಚೀನಾದಲ್ಲಿ 2017ರಿಂದ ಒಂದು ಗುಪ್ತಚರ ಕಾನೂನು ಇದೆ. ಸರ್ಕಾರ ಕೇಳಿದರೆ ಸಂಸ್ಥೆಗಳು ಸಹಕರಿಸಬೇಕು ಅನ್ನುತ್ತದೆ ಅದು. ಹಾಗಾಗಿ ಅನುಮಾನವನ್ನು ಸುಮ್ನೆ ತಳ್ಳಿಹಾಕಲು ನನಗೆ ಮನಸ್ಸಿಲ್ಲ.

ನನ್ನ ಮಟ್ಟಿಗೆ ಹೇಳುತ್ತೇನೆ. ಬೆಟ್ಟ, ಹೊಳೆ ತೆಗೆಯುವಾಗ ಇದರ ಚಿಂತೆ ಮಾಡುವುದಿಲ್ಲ. ಬೇರೆಯವರ ಜಾಗ, ಜನ ಇರುವ ಕೆಲಸವಾದರೆ ಆ್ಯಪ್‌ನಲ್ಲಿ ಲೋಕಲ್ ಡೇಟಾ ಮೋಡ್ ಹಾಕುತ್ತೇನೆ. ಆಗ ಆ್ಯಪ್ ಇಂಟರ್ನೆಟ್ಟಿಗೆ ಹೋಗುವುದಿಲ್ಲ. ಅಣೆಕಟ್ಟು, ಸೇನೆಯ ಜಾಗಗಳ ಹತ್ತಿರ ಹಾರಿಸುವ ಮಾತೇ ಬೇಡ, ಯಾರ ಡ್ರೋನ್ ಆದರೂ ಅಷ್ಟೇ.

ಪ್ರಶ್ನೆ: ಡ್ರೋನಿನಿಂದ ಚಿತ್ರ ತೆಗೆಯೋದು ಬಿಟ್ಟು ನಿಜವಾದ ಉಪಯೋಗ ಏನಾದರೂ ಇದೆಯೇ?

ಬೇಕಾದಷ್ಟಿದೆ. ಗದ್ದೆಗೆ ಔಷಧಿ ಸಿಂಪಡಿಸುವ ಆಗ್ರಾಸ್ ಡ್ರೋನನ್ನು ಡಿಜೆಐಯವರು 2015ರಲ್ಲೇ ತಂದರು. ನನ್ನ ಮನಸ್ಸಿಗೆ ತಟ್ಟಿದ್ದು ಎವರೆಸ್ಟ್ ಸಂಗತಿ. 2024ರ ಏಪ್ರಿಲ್‌ನಲ್ಲಿ ಡಿಜೆಐಯ ಫ್ಲೈಕಾರ್ಟ್ 30 ಡ್ರೋನ್ ಬೇಸ್ ಕ್ಯಾಂಪಿನಿಂದ ಸುಮಾರು 6,000 ಮೀಟರ್ ಎತ್ತರದ ಮೊದಲ ಕ್ಯಾಂಪಿಗೆ ಆಮ್ಲಜನಕದ ಸಿಲಿಂಡರ್ ಒಯ್ದಿತು, ವಾಪಸ್ ಬರುವಾಗ ಕಸ ತಂದಿತು. 15 ಕಿಲೊ ಭಾರ ಹೊತ್ತಿತ್ತು. ನಡುವೆ ಇರುವುದು ಖುಂಬು ಐಸ್‌ಫಾಲ್, ಅಂದರೆ ಒಡೆದು ಬಂಡೆ ಬಂಡೆಯಾಗಿ ಕೆಳಗೆ ಜಾರುವ ಹಿಮನದಿ. ಅಲ್ಲಿ ಹಿಮದ ಬಂಡೆಗಳು ಯಾವಾಗ ಕುಸಿಯುತ್ತವೆ ಹೇಳಲಾಗದು. ಶೆರ್ಪಾಗಳು ಇದೇ ದಾರಿಯಲ್ಲಿ ಹೊರೆ ಹೊತ್ತು ಮತ್ತೆ ಮತ್ತೆ ಹೋಗಬೇಕು, ಪ್ರಾಣ ಕಳೆದುಕೊಂಡವರಿದ್ದಾರೆ. ಒಬ್ಬ ಶೆರ್ಪಾನ ಒಂದು ಸುತ್ತು ಕಡಿಮೆಯಾದರೂ ಅದು ದೊಡ್ಡ ವಿಷಯ.

ಪ್ರಶ್ನೆ: ನನಗೆ ಹದಿನೇಳು ವರ್ಷ. ಮಾವ ಹಳೆಯ ಮಿನಿ ಡ್ರೋನ್ ಕೊಟ್ಟಿದ್ದಾರೆ. ಮೊದಲ ದಿನ ಏನು ಮಾಡಲಿ?

ನಿಮ್ಮಲ್ಲಿನ ನಿಯಮ ಓದಿ, ಮನೆಯ ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡು ಖಾಲಿ ಮೈದಾನಕ್ಕೆ ಹೋಗಿ. ರೆಕ್ಕೆಗಳ ಅಂಚು ಬೆರಳಲ್ಲಿ ಸವರಿ, ಸೀಳಿದ್ದರೆ ಬದಲಿಸಿ. ಎರಡು ಮೀಟರ್ ಮೇಲಕ್ಕೆ ಏರಿಸಿ. ಈಗ ಎರಡೂ ಹೆಬ್ಬೆರಳು ಕಡ್ಡಿಯಿಂದ ತೆಗೆಯಿರಿ. ವಿಡಿಯೊ ಬೇಡ, ಪರದೆ ನೋಡುವುದೂ ಬೇಡ. ಡ್ರೋನನ್ನೇ ನೋಡುತ್ತಾ ನಿಂತುಕೊಳ್ಳಿ. ಗಾಳಿ ಬೀಸಿದಾಗ ಅದು ಗಾಳಿಯ ಕಡೆಗೆ ಒಂಚೂರು ವಾಲುತ್ತದೆ, ಮೋಟರಿನ ಸದ್ದು ತುಸು ಏರುತ್ತದೆ. ಗಾಳಿ ನಿಂತರೆ ಸದ್ದು ಇಳಿಯುತ್ತದೆ. ಆ ಏರಿಳಿತ ಕಿವಿಗೆ ಚೆನ್ನಾಗಿ ಗುರುತು ಸಿಕ್ಕ ಮೇಲೆ ಕಡ್ಡಿ ಮುಟ್ಟಿ.