ಮಕ್ಕಳ ಆಟದ ಜಾಗ ಕಟ್ಟುತ್ತಾ ಜೀವನ ನಡೆಸಬಹುದಾ?

ಪ್ರಶ್ನೆ: ನಾನು ಬಿ.ಆರ್ಕ್ (ಕಟ್ಟಡ ವಿನ್ಯಾಸದ ಡಿಗ್ರಿ) ಮೂರನೇ ವರ್ಷದಲ್ಲಿದ್ದೇನೆ. ಮಕ್ಕಳು, ಮನೆಮಂದಿ ಎಲ್ಲ ಸೇರಿ ಖುಷಿಯಾಗಿ ಕಾಲ ಕಳೆಯುವ ಜಾಗಗಳನ್ನೇ ವಿನ್ಯಾಸ ಮಾಡಬೇಕು ಅಂತ ಆಸೆ. ಅಪ್ಪ ಮಾತ್ರ ‘ಜಾರುಬಂಡೆ ಕೂರಿಸೋಕೆ ಐದು ವರ್ಷ ಓದಬೇಕಾ’ ಅಂತಾರೆ. ಇದನ್ನೇ ನಂಬಿ ಬದುಕಬಹುದಾ?
– ಓದುಗರು, ದಾವಣಗೆರೆ

ಉತ್ತರ: ಬದುಕಬಹುದು. ನಿಮ್ಮ ಅಪ್ಪನಿಗೆ ಆಲ್ಡೊ ವಾನ್ ಐಕ್ ಅನ್ನುವ ಡಚ್ ಆರ್ಕಿಟೆಕ್ಟ್ ಕತೆ ಹೇಳಿ. 1947ನೇ ಇಸವಿ, ಎರಡನೇ ಮಹಾಯುದ್ಧ ಮುಗಿದು ಎರಡು ವರ್ಷ, ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಮನೆಗಳಿಗೇ ಬರ, ಇನ್ನು ಮಕ್ಕಳ ಆಟಕ್ಕೆ ಜಾಗ ಎಲ್ಲಿಂದ ಬರಬೇಕು? ಆಗ ಇವರು ನಗರಪಾಲಿಕೆಯ ಕಾಮಗಾರಿ ಇಲಾಖೆಯಲ್ಲಿದ್ದರು, ವಯಸ್ಸು ಮೂವತ್ತು ತುಂಬಿರಲಿಲ್ಲ. ಬರ್ಟೆಲ್‌ಮನ್‌ಪ್ಲೇನ್ ಅನ್ನುವ ಸಣ್ಣ ಚೌಕದಲ್ಲಿ ಅಗಲ ಅಂಚಿನ ಒಂದು ಮರಳುಗುಂಡಿ, ಅದರೊಳಗೆ ನಾಲ್ಕು ದುಂಡು ಕಲ್ಲು, ಲಾಗ ಹಾಕಲು ಕಬ್ಬಿಣದ ಕಂಬಿ, ಪಕ್ಕದಲ್ಲಿ ಬೆಂಚು. ಅಷ್ಟೇ ಇಟ್ಟಿದ್ದು! ಅದನ್ನು ನೋಡಿದವರು ನಮ್ಮ ಬೀದಿಗೂ ಒಂದು ಮಾಡಿಕೊಡಿ ಅಂತ ಪಾಲಿಕೆಗೆ ಪತ್ರ ಬರೆಯತೊಡಗಿದರು. 1978ರ ಹೊತ್ತಿಗೆ 700ಕ್ಕೂ ಜಾಸ್ತಿ ಆಟದ ಜಾಗಗಳಾದವು, ಎಷ್ಟೋ ಕಡೆ ಅವು ಮನೆ ಬಿದ್ದು ಖಾಲಿ ಉಳಿದ ಸೈಟುಗಳು.

ನನಗೆ ತುಂಬಾ ಇಷ್ಟವಾಗುವುದು ಅವರು ಏನು ಮಾಡಲಿಲ್ಲ ಅನ್ನುವುದು. ಆನೆ, ಜಿರಾಫೆ ಆಕಾರ ಇಲ್ಲ. ಕಂಬಿಗಳ ಕಮಾನು ಮನೆಯೋ ಬೆಟ್ಟವೋ ಅಂತ ಮಗುವೇ ತೀರ್ಮಾನ ಮಾಡಬೇಕು. ನಮ್ಮ ಅರಳಿಕಟ್ಟೆ, ಜಗಲಿ ನೆನಪು ಮಾಡಿಕೊಳ್ಳಿ, ಬೆಳಿಗ್ಗೆ ಅದು ಬಸ್ಸು, ಸಂಜೆ ಅಂಗಡಿ, ಮಧ್ಯದಲ್ಲಿ ಅಜ್ಜಿ ಕೂತು ಅವರೆಕಾಯಿ ಬಿಡಿಸುತ್ತಾರೆ, ಅಲ್ವಾ? ಗೋಡೆಗೆ ಸುಮ್ನೆ ಕಾಮನಬಿಲ್ಲು ಬಳಿದರೆ ಮಕ್ಕಳ ಜಾಗ ಆಗುವುದಿಲ್ಲ. ಈ ಮಾತನ್ನು ಹೇಳುವಾಗ ನನಗೆ ಸ್ವಲ್ಪ ಸಿಟ್ಟೇ ಬರುತ್ತದೆ, ಏಕೆಂದರೆ ಇವತ್ತು ಜಾಸ್ತಿ ಕಾಣುವುದು ಅದೇ.

1951ರಲ್ಲಿ ಅವರು ಇಲಾಖೆ ಬಿಟ್ಟು ಸ್ವಂತ ಕಚೇರಿ ತೆರೆದರೂ ಪಾಲಿಕೆಗೆ ಆಟದ ಜಾಗ ಮಾಡಿಕೊಡುವುದನ್ನು ನಿಲ್ಲಿಸಲಿಲ್ಲ. ಆಮೇಲೆ ಅದೇ ಊರಿನ ಅನಾಥಾಲಯ ಕಟ್ಟಿದರು, ಅದು 1960ರಲ್ಲಿ ಮುಗಿಯಿತು. 1990ರಲ್ಲಿ ಆರ್ಕಿಟೆಕ್ಟರಿಗೆ ಕೊಡುವ ದೊಡ್ಡ ಗೌರವವಾದ ಬ್ರಿಟನ್ನಿನ ರಾಯಲ್ ಗೋಲ್ಡ್ ಮೆಡಲ್ ಬಂತು. ಅಪ್ಪನಿಗೆ ಇದನ್ನೂ ತಪ್ಪದೆ ಹೇಳಿ.

ಇನ್ನು ನಿಮ್ಮ ದಾರಿ. ಡಿಗ್ರಿ ಆದಮೇಲೆ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ (ದೇಶದ ಆರ್ಕಿಟೆಕ್ಟರನ್ನು ನೋಂದಾಯಿಸುವ ಸಂಸ್ಥೆ) ನೋಂದಣಿ ಮಾಡಿಸಿ, ಶಾಲೆಗಳ ಕೆಲಸ ಮಾಡುವ ಕಚೇರಿಯಲ್ಲಿ ಒಂದೆರಡು ವರ್ಷ ಇರಿ. ಮೊದಮೊದಲು ಮನೆ ಪ್ಲಾನೂ ಮಾಡಬೇಕಾಗುತ್ತದೆ, ಬೇಜಾರು ಬೇಡ. ಮಕ್ಕಳ ಜಾಗ ಅಂದರೆ ಪಾರ್ಕು, ಮಾಲು ಮಾತ್ರ ಅಲ್ಲ. ಅಂಗನವಾಡಿ, ಲೈಬ್ರರಿ, ಆಸ್ಪತ್ರೆಯ ಮಕ್ಕಳ ವಾರ್ಡು, ಅಪಾರ್ಟ್‌ಮೆಂಟಿನ ಅಂಗಳ ಎಲ್ಲವೂ ಸೇರುತ್ತವೆ. ಈ ರಜೆಯಲ್ಲಿ ಹತ್ತಿರದ ಅಂಗನವಾಡಿ ಟೀಚರ್‌ನ ಕೇಳಿಕೊಂಡು ಒಂದು ವಾರ ಅಲ್ಲಿ ಕೂತು ಬನ್ನಿ. ನಲ್ಲಿ ಎಷ್ಟು ಎತ್ತರದಲ್ಲಿದೆ, ಮೆಟ್ಟಿಲು ಹತ್ತಲು ಯಾವ ಮಗು ಕೈ ಊರುತ್ತದೆ, ಅಳುವ ಮಗು ಯಾವ ಮೂಲೆಗೆ ಹೋಗಿ ಕೂರುತ್ತದೆ, ಕರೆದೊಯ್ಯಲು ಬಂದ ಅಜ್ಜ ಎಲ್ಲಿ ನಿಲ್ಲುತ್ತಾರೆ ಅಂತ ಅಳತೆ ಸಮೇತ ಬರೆದುಕೊಳ್ಳಿ. ಕೊನೇ ವರ್ಷದ ಥೀಸಿಸ್‌ಗೆ ಅದೇ ಅಂಗನವಾಡಿಯನ್ನು ತೆಗೆದುಕೊಳ್ಳಿ.