ಲೆಕ್ಕದ ಪುಸ್ತಕ ತೆಗೆದರೆ ಆಕಳಿಕೆ!

ಪ್ರಶ್ನೆ: ನನ್ನ ಮಗನಿಗೆ ಎಂಟು ವರ್ಷ. ಶಾಲೆಗೆ ಕಳಿಸದೆ ಮನೆಯಲ್ಲೇ ಕಲಿಸುತ್ತಿದ್ದೇವೆ. ಕಥೆ ಅಂದರೆ ಕುಣಿಯುತ್ತಾನೆ, ಲೆಕ್ಕದ ಪುಸ್ತಕ ತೆಗೆದರೆ ಆಕಳಿಸುತ್ತಾನೆ. ಆಟದಲ್ಲೇ ಕಲಿಸಿ ಅಂತ ಎಲ್ಲರೂ ಹೇಳುತ್ತಾರೆ. ಎಂಥ ಆಟ? ಬರೀ ಆಟವಾದರೆ ಪಾಠ ಹಿಂದೆ ಬೀಳುವುದಿಲ್ಲವೇ?

ಉತ್ತರ: ದುಬಾರಿ ಸಾಮಾನು ಏನೂ ತರಬೇಡಿ, ಒಂದು ದಾರ ಸಾಕು. ದಾರಕ್ಕೆ ಬೀಗದ ಕೈ ಕಟ್ಟಿ, ಎಲ್ಲಾದರೂ ನೇತುಹಾಕಿ, ಮೆಲ್ಲಗೆ ತೂಗಿಬಿಡಿ. ಹೋಗಿ ವಾಪಸ್ ಬಂದರೆ ಒಂದು. ಹತ್ತು ಸಲ ತೂಗಲು ಎಷ್ಟು ಸೆಕೆಂಡ್ ಬೇಕು ಅಂತ ಅವನೇ ಎಣಿಸಿ ಬರೆದುಕೊಳ್ಳಲಿ. ಈಗ ಕೇಳಿ, ಇನ್ನೊಂದು ಬೀಗದ ಕೈ ಸೇರಿಸಿದರೆ ಬೇಗ ತೂಗುತ್ತದಾ, ನಿಧಾನವಾಗಾ? ಮೊದಲು ಊಹಿಸಲಿ, ಆಮೇಲೆ ನೋಡಲಿ. ಭಾರ ಹೆಚ್ಚಿದರೂ ಸಮಯ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ಮಕ್ಕಳು ಇದನ್ನು ಸುಲಭಕ್ಕೆ ನಂಬುವುದಿಲ್ಲ, ಮತ್ತೆ ಮತ್ತೆ ಮಾಡಿ ನೋಡುತ್ತಾರೆ, ನಮಗೆ ಬೇಕಾದದ್ದೂ ಅದೇ ಅಲ್ವಾ? ಸಮಯ ಬದಲಾಗುವುದು ದಾರದ ಉದ್ದದಿಂದ. 25 ಸೆಂಟಿಮೀಟರ್ ಇದ್ದರೆ ಒಂದು ತೂಗಿಗೆ ಸುಮಾರು 1 ಸೆಕೆಂಡ್, 1 ಮೀಟರ್ ಇದ್ದರೆ ಸುಮಾರು 2. ಉದ್ದ ನಾಲ್ಕು ಪಟ್ಟಾದರೆ ಸಮಯ ಎರಡೇ ಪಟ್ಟು! ಇದನ್ನು ನೀವಾಗಿ ಹೇಳಿಬಿಡಬೇಡಿ, ದಯವಿಟ್ಟು. ಅವನು ಬರೆದ ಅಂಕಿಗಳಿಂದ ಅವನಿಗೇ ಹೊಳೆಯಲಿ, ಎರಡು ದಿನ ತಡವಾದರೂ ಪರವಾಗಿಲ್ಲ.

ಅದೇ ದಾರವನ್ನು ಡಬ್ಬಿಯ ಮುಚ್ಚಳದ ಸುತ್ತ ಒಂದು ಸುತ್ತು ಸುತ್ತಿ ಕತ್ತರಿಸಿ. ಆ ತುಂಡನ್ನು ಮುಚ್ಚಳದ ನಡುವೆ ಅಡ್ಡಲಾಗಿ ಹಿಡಿದರೆ ಮೂರು ಸಲ ಹಿಡಿಸಿ ಸ್ವಲ್ಪ ಉಳಿಯುತ್ತದೆ. ತಟ್ಟೆ, ಬಕೆಟ್, ಯಾವ ದುಂಡನೆಯ ವಸ್ತು ತಂದರೂ ಅಷ್ಟೇ. ಮುಂದೆ 3.14 ಅನ್ನುವ ಸಂಖ್ಯೆ ಪುಸ್ತಕದಲ್ಲಿ ಬಂದಾಗ ಅದು ಅವನಿಗೆ ಹೊಸದಾಗಿರುವುದಿಲ್ಲ.

ಬಿಸಿಲಿದ್ದರೆ ಕೋಲು ನೆಟ್ಟು, ಗಂಟೆಗೊಮ್ಮೆ ನೆರಳಿನ ತುದಿಗೆ ಕಲ್ಲಿಡಿಸಿ. ನೆರಳು ತೀರಾ ಗಿಡ್ಡವಾಗುವುದು ಸರಿಯಾಗಿ 12 ಗಂಟೆಗೇ ಆಗಬೇಕೆಂದಿಲ್ಲ, ಯಾಕೆ ಅಂತ ಇಬ್ಬರೂ ಸೇರಿ ಹುಡುಕಿ.

ಕಥೆಯ ಹುಚ್ಚಿದೆ ಅಂದಿರಲ್ಲ, ಅದಂತೂ ಭಾಗ್ಯ. ಅವನು ಕಥೆ ಹೇಳಲಿ, ನೀವು ಅವನ ಮಾತಿನಲ್ಲೇ ಬರೆದುಕೊಳ್ಳಿ, ತಿದ್ದಬೇಡಿ. ಮರುದಿನ ಓದಲು ಕೊಡಿ. ತನ್ನದೇ ಕಥೆ ಆದ್ದರಿಂದ ಕಷ್ಟದ ಪದ ಬಂದರೂ ಬಿಡದೆ ಓದುತ್ತಾನೆ.

ಪಾಠ ಹಿಂದೆ ಬೀಳುವ ಚಿಂತೆ ಸಹಜ. ಆದರೆ ಅಳೆಯುವುದು, ಎಣಿಸುವುದು, ಊಹಿಸುವುದು, ಬರೆದಿಡುವುದು ಎಲ್ಲವೂ ಪಾಠವೇ. ಮಗ್ಗಿಗೆ ಮಾತ್ರ ದಿನಾ ಅಭ್ಯಾಸ ಬೇಕು, ಅದು ಆಟದಿಂದ ತಾನಾಗಿ ಬರುವುದಿಲ್ಲ. ಬೆಳಿಗ್ಗೆ ಹತ್ತು ನಿಮಿಷ ಮಗ್ಗಿ ಮುಗಿಸಿ ಆಮೇಲೆ ದಾರ ಕೈಗೆ ಕೊಡಿ. ಮತ್ತೆ ಆಟ ಮುಗಿದ ಕೂಡಲೇ "ಏನು ಕಲಿತೆ ಹೇಳು" ಅಂತ ಪರೀಕ್ಷೆಗೆ ಕೂರಬೇಡಿ. ರಾತ್ರಿ ಮನೆಯಲ್ಲಿ ಬೇರೆಯವರಿಗೆ ಅವನೇ ಮಾಡಿ ತೋರಿಸಲಿ, ಎಷ್ಟು ಅರ್ಥವಾಗಿದೆ ಅಂತ ನಿಮಗೆ ಅಲ್ಲೇ ಗೊತ್ತಾಗುತ್ತದೆ.