ಕಣ್ಣೀರಿಗೂ ಗೇಟು ಹಾಕಬೇಡಿ

ಕಾರಟಗಿಯಿಂದ ನೀವು ಕಳಿಸಿದ ಲೇಖನ ಓದಿದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋಯಿತಲ್ಲ, ಆ ಸುದ್ದಿ ನಿಮ್ಮ ಓಣಿಗೆ ಬಂದ ಬೆಳಗಿನ ಕತೆ. ವಿಷಯ ಚಲೋ ಇದೆ, ಓದಿಸಿಕೊಂಡು ಹೋಗುತ್ತದೆ. ಆದರೆ ಎರಡನೇ ಪ್ಯಾರಾಕ್ಕೆ ಬಂದಾಗ ಸಿಟ್ಟು ಬಂತು. ಅದರ ಬಗ್ಗೆಯೇ ಬರೆಯುತ್ತೇನೆ.

‘ರೈತರ ಕಣ್ಣಲ್ಲಿ ಲಿಟರಲಿ ಫ್ಲಡ್‌ಗೇಟ್ಸ್ ಓಪನ್ ಆದವು.’ ಅಲ್ರೀ, 33 ಗೇಟಿನ ಡ್ಯಾಮಿನಲ್ಲಿ ಒಂದು ನಿಜವಾಗಿಯೇ ಕಿತ್ತುಹೋಗಿದೆ. ಒತ್ತಡ ಇಳಿಸಲು ಉಳಿದವನ್ನೂ ಎತ್ತಿ ನೀರು ಬಿಟ್ಟಿದ್ದಾರೆ. ಅದೇ ಪುಟದಲ್ಲಿ ಕಣ್ಣೀರಿಗೂ ಗೇಟು ಹಾಕಿದರೆ ಓದುವವರು ಯಾವ ಗೇಟು ನೋಡಬೇಕು? ಇನ್ನು ‘ಲಿಟರಲಿ’. ಅಕ್ಷರಶಃ ಅಲ್ಲದಿದ್ದರೂ ಸುಮ್ನೆ ಒತ್ತಿ ಹೇಳಲು ಅದನ್ನು ಬಳಸುವ ರೂಢಿಯನ್ನು ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯೇ 2011ರಲ್ಲಿ ಸೇರಿಸಿಕೊಂಡಿದೆ, ಗೊತ್ತು. ಕಾಲೇಜು ಕ್ಯಾಂಟೀನಿನಲ್ಲಿ ಧಾರಾಳವಾಗಿ ಅನ್ನಿ, ಲೇಖನದಲ್ಲಿ ಬೇಡ.

ಮುಂದಿನ ಸಾಲು: ‘ಇದು ಜಸ್ಟ್ ಟಿಪ್ ಆಫ್ ದಿ ಐಸ್‌ಬರ್ಗ್. ಅಟ್ ದಿ ಎಂಡ್ ಆಫ್ ದಿ ಡೇ, ಬೇಸಿಕಲಿ ರೈತನೇ ಬಲಿ.’ ಇದನ್ನು ಹೇಳಿದ್ದು ಲೀಜಿಗೆ ಗದ್ದೆ ಮಾಡುವ ನಿಮ್ಮ ಕಾಕಾ ಅಂತೀರಿ. ನಾನಂತೂ ನಂಬಲ್ಲ. ಯಾಕಂದ್ರೆ ಮೂರು ಸಾಲು ಕೆಳಗೆ ಅದೇ ಕಾಕಾ, ‘ನಾಟಿ ಮಾಡಿ ಎಂಟು ದಿನ ಆಗಿಲ್ಲ, ಕಾಲುವಿಗೆ ಬರೋ ನೀರು ಹೊಳಿಗೆ ಹೊಂಟೈತಿ’ ಅನ್ನುತ್ತಾರೆ. ಇದು ಅವರ ಮಾತು. ಮೊದಲಿನದು ನೀವು ಟಿವಿ ಚರ್ಚೆಯಿಂದ ತಂದು ಅವರ ಬಾಯಿಗೆ ತುರುಕಿದ್ದು, ಅಲ್ವಾ?

ನಾನು ಕೆಲಸ ಕಲಿತದ್ದು ರಾಯಚೂರಿನ ಒಂದು ಸಣ್ಣ ಪ್ರೆಸ್ಸಿನಲ್ಲಿ. ಆಗಿನ್ನೂ ಅಚ್ಚಿನ ಮೊಳೆ ಜೋಡಿಸುವ ಕಾಲ. ಕಂಪೋಸಿಂಗ್ ಮಾಡುವ ಅಜ್ಜ ಒಂದೊಂದೇ ಅಕ್ಷರ ಖಾನೆಯಿಂದ ಹೆಕ್ಕಬೇಕಿತ್ತು. ದಂಡದ ಪದ ಕಂಡರೆ ಕೈ ನಿಲ್ಲಿಸಿ, ಕನ್ನಡಕದ ಮೇಲಿಂದ ನೋಡಿ ಕೇಳುತ್ತಿದ್ದರು: ‘ಇದನ್ನ ತೆಗೆದ್ರ ಏನರ ಕಡಿಮಿ ಬೀಳ್ತದೇನ್ರೀ?’ ದೊಡ್ಡ ಸಾಹಿತಿಗಳ ಬರಹಕ್ಕೂ ಇದೇ ಪ್ರಶ್ನೆ. ಎಷ್ಟೋ ಜನ ಮುಖ ಸಣ್ಣದು ಮಾಡಿಕೊಂಡು ಹೊಡೆದು ಹಾಕಿದ್ದನ್ನು ನೋಡಿದ್ದೇನೆ. ಈಗ ಬೆರಳಿಗೆ ಆ ತ್ರಾಸಿಲ್ಲ, ಮುಂದಿನ ಪದವನ್ನು ಫೋನೇ ತೋರಿಸುತ್ತದೆ.

ಇಂಗ್ಲಿಷೇ ಬೇಡ ಅಂತಲ್ಲ. ಗೇಟು, ಚೈನು, ಕ್ಯೂಸೆಕ್ಸು ಇರಲಿ, ನಮ್ಮ ರೈತರೂ ಹಾಗೇ ಅನ್ನುವುದು. ಎರಡನೇ ಪ್ಯಾರಾ ಮತ್ತೆ ಬರೆಯಿರಿ. ಕಿತ್ತುಹೋದ ಗೇಟಿನ ಜಾಗಕ್ಕೆ ಸ್ಟಾಪ್‌ಲಾಗ್ ಅನ್ನುವ ತಾತ್ಕಾಲಿಕ ತಡೆ ಇಳಿಸಿ ನೀರು ನಿಲ್ಲಿಸಿದ ದಿನ ಕಾಕಾ ಏನಂದರು ಅಂತ ಕೇಳಿ, ಅದನ್ನೂ ಸೇರಿಸಿ ಕಳಿಸಿ.